ಸೇಂದಿಗೆ ವಯಸ್ಸು ಗೊತ್ತುಮಾಡಿದ ಶುಕ್ರವಾರ

ಆ ಶುಕ್ರವಾರ ಚಿತ್ತಾಪುರದ ಶಾಲೆಯಲ್ಲಿ ನಾನು ಏನು ಹೇಳಿದೆ ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. "ಬರೆದಿಲ್ಲ" ಎಂದೆ ಅಂತ ಬಹಳ ವರ್ಷ ನಂಬಿದ್ದೆ. ಆಮೇಲೆ, ಏನೂ ಹೇಳದೆ ಚೀಟಿಯನ್ನು ಹಿಂದಕ್ಕೆ ಕೊಟ್ಟೆ ಎಂದು ಅನ್ನಿಸತೊಡಗಿತು. ಇನ್ನೊಂದು ನೆನಪಿನಲ್ಲಿ ನನ್ನನ್ನು ಯಾರೂ ಏನೂ ಕೇಳುವುದೇ ಇಲ್ಲ. ನಾನು ಗೋಡೆಗೆ ಒರಗಿ ನಿಂತು ನೋಡುತ್ತಿದ್ದೇನೆ, ಅಷ್ಟೆ. ಈ ಮೂರರಲ್ಲಿ ನನಗೆ ಯಾವುದು ಅನುಕೂಲವೋ ಅದೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಆದ್ದರಿಂದಲೇ ಅದರ ಮೇಲೆ ಹೆಚ್ಚು ಅನುಮಾನ. ನನ್ನ ಆ ಒಂದು ಮಾತಿನ ಮೇಲೆ ಒಬ್ಬನ ರೈಲ್ವೆ ಕೆಲಸ ನಿಂತಿತ್ತು.

ಅನುಮಾನವಿಲ್ಲದ ಸಂಗತಿಗಳನ್ನು ಮೊದಲು ಹೇಳಿಬಿಡುತ್ತೇನೆ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ, ನಾವಿದ್ದದ್ದು ಹೈದರಾಬಾದ್ ಸಂಸ್ಥಾನದಲ್ಲಿ. ಹೈದರಾಬಾದಿನಲ್ಲಿ ಬಿ.ಎ. ಪರೀಕ್ಷೆ ಬರೆದು ನಾನು ಬೇಸಗೆಗೆ ಸೇಡಂಗೆ ಬಂದಿದ್ದೆ. ವಿಶ್ವವಿದ್ಯಾಲಯದಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ತರ್ಕಶಾಸ್ತ್ರವನ್ನೂ ಇತಿಹಾಸವನ್ನೂ ಉರ್ದುವಿನಲ್ಲಿ ಓದಿ, ಕನ್ನಡದಲ್ಲಿ ಜಗಳ ಮಾಡಲು ಊರಿಗೆ ಬರುತ್ತಿದ್ದೆ. ಅಪ್ಪ ತಹಸೀಲ ಕಚೇರಿಯಲ್ಲಿ ಬರೆಯುವ ಕೆಲಸದಲ್ಲಿದ್ದರು. ನಮ್ಮದು ಲಿಂಗಪೂಜೆಯಾಗದೆ ನೀರೂ ಕುಡಿಯದ ಮನೆ. ಸೇಂದಿ ಎಂಬ ಶಬ್ದವನ್ನು ಒಳಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ.

ಅಕ್ಕನನ್ನು ಚಿತ್ತಾಪುರಕ್ಕೆ ಕೊಟ್ಟಿತ್ತು. ಅವಳ ಮೈದುನ ವಾಡಿಯ ಎಂಜಿನ್ ಶೆಡ್ಡಿನಲ್ಲಿ ಎಂಜಿನ್ ಒರೆಸುವ ಕೆಲಸದಲ್ಲಿದ್ದ. ದಿನವಿಡೀ ಎಣ್ಣೆಯ ಚಿಂದಿ ಹಿಡಿದು ಮಸಿ ತಿಕ್ಕಬೇಕು. ಅದರಿಂದ ಒಂದು ಮೆಟ್ಟಿಲು ಮೇಲೆ ಹೋದರೆ ಎಂಜಿನ್ನಿನ ಮೇಲೇ ನಿಂತು ಒಲೆಗೆ ಕಲ್ಲಿದ್ದಲು ಹಾಕುವ ಕೆಲಸ. ಅಲ್ಲಿಂದ ಮುಂದೆ ಒಂದು ದಿನ ಡ್ರೈವರ್. ಆ ಬೇಸಗೆ ಅವನ ಸರದಿ ಬಂದಿತ್ತು. ಆದರೆ ಮೇಲೇರಲು ವಯಸ್ಸಿನ ಕಾಗದ ಬೇಕೆಂದರು. ಅವನು ಹುಟ್ಟಿದ್ದು ತಾಯಿಯ ತವರು ಚಿಂಚೋಳಿಯಲ್ಲಿ. ಎಳೆಗೂಸಾಗಿದ್ದಾಗ ಅಲ್ಲಿಯ ದವಾಖಾನೆಯಲ್ಲಿ ದೇವಿ ಹಾಕಿಸಿದಾಗ, ಎಂದರೆ ಸಿಡುಬಿನ ಲಸಿಕೆ ಹಾಕಿಸಿದಾಗ, ಕೊಟ್ಟ ಒಂದು ಉರ್ದು ಚೀಟಿ ಬಿಟ್ಟರೆ ಅವನ ವಯಸ್ಸಿಗೆ ಬೇರೆ ಸಾಕ್ಷಿ ಇರಲಿಲ್ಲ. ಅದೇ ವಾರ ಅವನು ಚಿಂಚೋಳಿಗೆ ಹೋಗಿ, ಸೋದರಮಾವನ ಪೆಟ್ಟಿಗೆ ತೆಗೆಸಿ, ಆ ಚೀಟಿ ತಂದು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ.

ಶುಕ್ರವಾರ ಬೆಳಿಗ್ಗೆ ನಾನು ಅಕ್ಕನ ಮನೆಗೆ ಹೋದಾಗ ಅವಳು ರೊಟ್ಟಿ ಬಡಿಯುತ್ತ ಹೇಳಿದ್ದು ನೆನಪಿದೆ.

"ಇಪ್ಪತ್ತೈದರ ಒಳಗ ಇದ್ರ ಮ್ಯಾಲ ತಗೋತಾರಂತ. ಇಂವಂದೇನು, ಇಪ್ಪತ್ತೂ ತುಂಬಿಲ್ಲ. ಕೆಲಸ ಆಗ್ತದ. ಆದ್ರ ಸಂಜಿಕ ಆ ಸೇಂದಿ ಅಂಗಡಿ ಕಡಿ ಹೋಗೋದು ಬಿಡವಲ್ಲ ನೋಡು. ನೀ ಇವತ್ತ ಸಭಾದಾಗ ಮಾತಾಡಾಂವ ಅಲ್ಲ? ಹೆಂಗಾರ ಮಾಡಿ ಇಂಥಾ ಹುಡುಗ್ರಿಗಿ ಕೊಡಬಾರ್ದಂತ ಮಾಡಸು."

ಅಂದರೆ ಇಪ್ಪತ್ತೈದರ ನಿಯಮ ನನಗೆ ಬೆಳಿಗ್ಗೆಯೇ ಗೊತ್ತಿತ್ತು. ಇದನ್ನು ನಾನು ಎಷ್ಟೋ ವರ್ಷ ಮರೆತಿದ್ದೆ. ಮರೆತಿದ್ದೆನೋ, ಮರೆತಂತೆ ಇಟ್ಟುಕೊಂಡಿದ್ದೆನೋ.

ಸಭೆ ಕರೆಯಲು ಕಾರಣ, ವಾಡಿಯ ಹತ್ತಿರ ಒಬ್ಬ ಹುಡುಗ ಸೇಂದಿ ಕುಡಿದು ಹಳಿಯ ಮೇಲೆ ಕುಳಿತು ಒಂದು ಪಾದ ಕಳೆದುಕೊಂಡದ್ದು. ನಮ್ಮ ಕಡೆ ಈಚಲ ಮರದಿಂದ ಇಳಿಸುವ ಸೇಂದಿಗೆ ಸರಕಾರದ ಪರವಾನಗಿಯ ಅಂಗಡಿಗಳಿದ್ದವು. ಅವುಗಳ ಮೇಲ್ವಿಚಾರಣೆ ಆಬಕಾರಿ ದರೋಗಾನದು. ಎಷ್ಟು ವರ್ಷದವರಿಗೆ ಸೇಂದಿ ಕೊಡಬಹುದು ಎಂದು ಊರ ಹಿರಿಯರು ಒಂದು ಗೆರೆ ಎಳೆದುಕೊಟ್ಟರೆ ಅಂಗಡಿಯವರು ಅದನ್ನು ಪಾಲಿಸುವಂತೆ ಮಾಡುತ್ತೇನೆ ಎಂದು ಅವನೇ ಹೇಳಿ ಕಳಿಸಿದ್ದ. ಆಬಕಾರಿಯವನಿಗೆ ಕುಡಿಯುವವರು ಕಡಿಮೆಯಾಗುವುದರಲ್ಲಿ ಏನು ಲಾಭ? ಈ ಪ್ರಶ್ನೆ ನನಗೆ ಆಗಲೂ ಬಂದಿತ್ತು. ಉತ್ತರ ಈಗಲೂ ಸಿಕ್ಕಿಲ್ಲ.

ಶುಕ್ರವಾರ ಶಾಲೆ ಕಚೇರಿಗಳಿಗೆ ಸೂಟಿ. ಮಧ್ಯಾಹ್ನ ಶಾಲೆಯ ಪಡಸಾಲೆಯಲ್ಲಿ ಫರಸಿಕಲ್ಲಿನ ಮೇಲೆ ಜನ ಕುಳಿತಿದ್ದರು. ನೆಲ ಎಷ್ಟು ಕಾದಿತ್ತೆಂದರೆ ಎಲ್ಲರೂ ತಮ್ಮ ಧೋತರದ ಸೆರಗನ್ನು ಮಡಿಚಿ ಅದರ ಮೇಲೆ ಕುಳಿತಿದ್ದರು. ಇದ್ದದ್ದು ಒಂದೇ ಕುರ್ಚಿ, ಅದರಲ್ಲಿ ದರೋಗಾ. ಪಕ್ಕದಲ್ಲಿ ನಿಂತಿದ್ದವರು ಶಾಲೆಯ ಹೆಡ್‌ಮಾಸ್ತರರು, ವೈಷ್ಣವರು, ಫಾರಸಿ ಉರ್ದು ಎರಡನ್ನೂ ಬಲ್ಲವರು. ವಾಡಿಯಿಂದ ನಾಲ್ಕೈದು ಜನ ರೈಲಿನವರು ಬಂದಿದ್ದರು. ಅವರ ನಡುವೆ ಅಕ್ಕನ ಮೈದುನ ಮತ್ತು ಶೆಡ್ಡಿನ ಗುಮಾಸ್ತ. ಸೇಂದಿ ಅಂಗಡಿ ನಡೆಸುವ ಮುದುಕಿ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದಳು. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. ಅವಳನ್ನು ಒಳಗೆ ಕರೆಯಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ, ನನಗೂ.

ದರೋಗಾ ಶುರು ಮಾಡಿದ. "ಹುಕುಂನಾಗ ಇಷ್ಟೇ ಅದ, ಬಚ್ಚೇ ಲೋಗಂಗ ಕೊಡಬಾರ್ದು. ಬಚ್ಚಾ ಅಂದ್ರ ಎಷ್ಟ ವರ್ಷದಂವ, ಅದ್ರಾಗ ಬರದಿಲ್ಲ. ನೀವೇ ಹೇಳ್ರಿ, ನಾ ಬರಕೋತೀನಿ."

ಅಂಥ ಹುಕುಂ ನಿಜವಾಗಿ ಇತ್ತೋ ಇಲ್ಲವೋ, ನಾನು ನೋಡಿಲ್ಲ. ಅಲ್ಲಿದ್ದ ಯಾರೂ ನೋಡಿರಲಿಲ್ಲ.

ಜೋಳದ ವ್ಯಾಪಾರದ ಸಾವುಕಾರರು ಮೊದಲು ಬಾಯಿ ತೆರೆದರು. "ಇದರಾಗೇನದ? ಮದಿವಿ ಆದಂವಗ ಕೊಡ್ರಿ. ಮದಿವಿ ಆಗದಂವಗ ಬ್ಯಾಡ."

ಕಟ್ಟೆಯಿಂದ ಆಯಿಯ ಧ್ವನಿ ಬಂತು. "ಹಂಗಾದ್ರ ನಿಮ್ಮ ಮೊಮ್ಮಗಂದು ಹ್ವಾದ ವರ್ಷ ಆತಲ್ರಿ, ಸಾವುಕಾರ್ರ. ಹಾಲ್ಹಲ್ಲು ಬಿದ್ದಾವ, ಇನ್ನಾ ಬಂದಿಲ್ಲ. ನಾಳಿಂದ ಕಳಸ್ರಿ ನಮ್ಮ ಅಂಗಡಿಗಿ."

ಪಡಸಾಲೆಯೆಲ್ಲ ನಕ್ಕಿತು. ಸಾವುಕಾರರು ಸೆರಗು ಸರಿಮಾಡಿಕೊಂಡರು.

"ನೀ ಹೆಂಗ ನೋಡಿ ಕೊಡ್ತಿ, ಹೇಳು ಮತ್ತ" ಎಂದ ದರೋಗಾ.

"ನಾ ವಯಸ್ಸ ನೋಡಂಗಿಲ್ರಿ ಸಾಹೇಬ. ಶಹಾಬಾದದ ಕಲ್ಲಿನ ಖಣಿಯಾಗ ಯಾರಿಗಿ ಪೂರಾ ಕೂಲಿ ಕೊಡ್ತಾರೋ ಅಂವಗ ಪೂರಾ ಮಗಿ. ಅರ್ಧಾ ಕೂಲಿಯಂವ ಬಂದ್ರ, ಹೋಗಪ್ಪಾ ಮನಿಗಿ, ನಿಮ್ಮವ್ವ ರೊಟ್ಟಿ ಮಾಡ್ಯಾಳ ಅಂತೀನಿ. ಒಂದ ಫರಸಿ ಒಬ್ಬನೇ ಎತ್ತಿ ನಿಂದ್ರಸಿದ ಮ್ಯಾಲ ಮುಕಾದಮ ಪೂರಾ ಕೂಲಿ ಬರೀತಾನ. ಅದಕ್ಕಿಂತ ಛಲೋ ಕಾಗದ ಯಾವುದದ?"

ಇಂದಿಗೂ ಪತ್ರಿಕೆಗಳಲ್ಲಿ ಹದಿನೆಂಟೋ ಇಪ್ಪತ್ತೊಂದೋ ಎಂದು ಪಂಡಿತರು ವಾದಿಸುವಾಗ ನನಗೆ ಆ ಮುದುಕಿಯ ಮಾತು ನೆನಪಾಗುತ್ತದೆ. ಆಗ ಮಾತ್ರ ಅದು ನನಗೆ ಅನಾಗರಿಕವೆನಿಸಿತು. ನಾನು ಎದ್ದು ನಿಂತೆ. ಕೂಲಿ ಮೈಬಲವನ್ನು ಅಳೆಯುತ್ತದೆ, ವಿವೇಕವನ್ನಲ್ಲ. ಬಂಡೆ ಎತ್ತುವವನು ತನ್ನ ಆಸೆಯನ್ನು ತಡೆಯಬಲ್ಲನೆಂದು ಹೇಗೆ ಹೇಳುವುದು. ಮನುಷ್ಯನ ಬುದ್ಧಿ ಹಣ್ಣಾಗಲು ಇಪ್ಪತ್ತೊಂದು ವರ್ಷ ಬೇಕೆಂದು ಹೊರದೇಶಗಳ ಕಾನೂನು ಒಪ್ಪಿದೆ. ಆದ್ದರಿಂದ ಇಪ್ಪತ್ತೊಂದಕ್ಕೆ ಒಂದು ದಿನ ಕಡಿಮೆಯಿದ್ದರೂ ಸೇಂದಿ ಕೊಡಬಾರದು, ಮತ್ತು ವಯಸ್ಸನ್ನು ಮುಖ ನೋಡಿ ಅಲ್ಲ, ಕಾಗದ ನೋಡಿಯೇ ತೀರ್ಮಾನಿಸಬೇಕು. ಹೀಗೆಲ್ಲ ಹೇಳಿದೆ. ಇದರಲ್ಲಿ ಎಷ್ಟು ಅಂದು ಹೇಳಿದ್ದು, ಎಷ್ಟು ಆಮೇಲೆ ಮನಸ್ಸಿನಲ್ಲೇ ತಿದ್ದಿ ಬರೆದದ್ದು, ಬೇರ್ಪಡಿಸಲಾರೆ. "ಇಂಥ ಹುಡುಗರು" ಎಂದು ಎರಡು ಮೂರು ಸಲ ಅಂದದ್ದು ಮಾತ್ರ ಖಂಡಿತ. ಅನ್ನುವಾಗ ಕೈ ವಾಡಿಯವರು ಕುಳಿತ ಕಡೆಗೆ ಹೋಗಿತ್ತು.

ಅಕ್ಕನ ಮೈದುನ ಎದ್ದ. ನಾನು ಅವನ ಅತ್ತಿಗೆಯ ತಮ್ಮ. ನಮ್ಮಿಬ್ಬರಲ್ಲಿ ಚೇಷ್ಟೆಯ ಮಾತಿಗೆ ಅಡ್ಡಿಯಿರಲಿಲ್ಲ.

"ಏನ್ರಿ ಬೀಗರ, ಎಂಜಿನ್ದಾಗ ಬೆಂಕಿ ಇರ್ತದ. ಆ ಬೆಂಕಿ ಮುಂದ ನನ್ನ ನಿಂದ್ರಸಾಕ ರೈಲಿನ ಸಾಹೇಬ್ರಿಗಿ ಅಂಜಿಕಿ ಇಲ್ಲ. ಒಂದ ಮಗಿ ಸೇಂದಿ ಮುಂದ ನಿಂದ್ರಸಾಕ ನಿಮಗ ಅಂಜಿಕಿ. ಯಾವುದರಾಗ ಬೆಂಕಿ ಹೆಚ್ಚದ, ನೀವೇ ಹೇಳ್ರಿ."

"ಬೆಂಕಿ ಮುಂದ ನಿಲ್ಲಾಂವಗ ಅಮಲ ಇರಬಾರ್ದಂತನ ನಾ ಹೇಳಾಕತ್ತೀನಿ."

"ಅಮಲ ಯಾರಿಗಿ ಎಷ್ಟ ಏರ್ತದ, ನಿಮಗ ಹೆಂಗ ಗೊತ್ರಿ? ಪುಸ್ತಕದಾಗ ಓದೀರೋ, ಇಲ್ಲಾ..."

ಅಲ್ಲಿಗೆ ನಿಲ್ಲಿಸಿ ನಕ್ಕ. ಜನ ಪೂರ್ತಿ ಕೇಳಿಸಿಕೊಳ್ಳದೆಯೇ ನಕ್ಕರು. ನಾನು ವಾದವನ್ನು ಅಲ್ಲಿಗೇ ಬಿಟ್ಟೆ.

ಏಕೆಂದು ಹೇಳಬೇಕು. ಹಿಂದಿನ ಚಳಿಗಾಲದಲ್ಲಿ ಮನೆಯ ನೆಲಕ್ಕೆ ಫರಸಿ ಆರಿಸಲೆಂದು ನಾವಿಬ್ಬರೂ ಶಹಾಬಾದಿಗೆ ಹೋಗಿದ್ದೆವು. ವಾಪಸು ಬರುವಾಗ ಭಂಕೂರದ ಹೊಲದ ಬದುವಿನಲ್ಲಿ, ಹಗಲು ಹೊತ್ತಿನಲ್ಲೇ, ಒಬ್ಬ ಮರದಿಂದ ಸೇಂದಿ ಇಳಿಸುತ್ತಿದ್ದ. ಅಕ್ಕನ ಮೈದುನ ಎರಡು ಮಣ್ಣಿನ ಮಗಿ ಕೊಂಡ. ಒಂದು ನನಗೆ. ಹುಳಿಯಾಗದ, ತಂಪಾದ, ಸಿಹಿ ಸೇಂದಿ. ನಾನು ಇನ್ನೊಂದು ಕೇಳಿ ಕುಡಿದೆ. ನನಗೆ ಆಗ ಇಪ್ಪತ್ತು ವರ್ಷ. ಆ ಎರಡನೆಯ ಮಗಿಯ ಬಗ್ಗೆ ಭೂಮಿಯ ಮೇಲೆ ಗೊತ್ತಿದ್ದವನು ಅವನೊಬ್ಬನೇ.

ಅವನ ನಗೆಯಲ್ಲಿ ಬೆದರಿಕೆ ಇತ್ತೆ? ಇತ್ತು ಎಂದು ಐವತ್ತು ವರ್ಷಗಳಲ್ಲಿ ಒಂದು ನೂರು ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಬರಿಯ ನಗೆಯೂ ಆಗಿರಬಹುದು. ಅವನು ಎಲ್ಲದಕ್ಕೂ ಹಾಗೆಯೇ ನಗುತ್ತಿದ್ದ.

"ನಿಂದು ಉಮರ್ ಎಷ್ಟು?" ಎಂದು ದರೋಗಾ ಅವನನ್ನು ಕೇಳಿದ.

"ನೀವೇ ಹೇಳ್ರಲ್ಲ."

"ಮಸಿ ಹಚ್ಚಿಕೊಂಡ ಮಾರಿ. ಮೂವತ್ತೂ ಅನಬಹುದು."

ಯಾರೋ ಹಿಂದಿನಿಂದ, "ಕಾಗದಾ ತೋರಸಪ್ಪಾ, ಬಿ.ಎ. ಸಾಹೇಬ್ರಿಗಿ ಕಾಗದಾ ಬೇಕಂತ" ಎಂದರು. ಅವನು ಜೇಬಿನಿಂದ ಚೀಟಿ ತೆಗೆದು ನನ್ನ ಕೈಗೆ ಕೊಟ್ಟ. "ಬೀಗರ ಓದ್ಲಿ. ಅವರ ಉರ್ದು ಹೈದರಾಬಾದದ್ದು."

ನಾನು ವರ್ಷದ ನಾಲ್ಕು ಅಂಕಿಗಳನ್ನು ಗಟ್ಟಿಯಾಗಿ ಓದಿದೆ. ಇಷ್ಟು ನಿಜ.

ಇಲ್ಲಿ ನಮ್ಮ ಸಂಸ್ಥಾನದ ಕಾಲದ ಲೆಕ್ಕವನ್ನು ಈಗಿನವರಿಗೆ ತಿಳಿಸಬೇಕು. ಕಚೇರಿ, ಶಾಲೆ, ಕಂದಾಯ ಎಲ್ಲ ನಡೆಯುತ್ತಿದ್ದದ್ದು ಫಸಲಿ ವರ್ಷದಲ್ಲಿ. ಕೆಲವು ಹಳೆಯ ಮುನ್ಷಿಗಳು ಮಾತ್ರ ಅಭ್ಯಾಸಬಲದಿಂದ ಹಿಜರಿ ವರ್ಷ ಬರೆಯುತ್ತಿದ್ದರು. ರೈಲಿನವರದು ಇಸವಿ. ಫಸಲಿ ಹಿಜರಿ ಎರಡರ ಅಂಕಿಗಳೂ ಹತ್ತಿರ ಹತ್ತಿರ ಇದ್ದವು. ಯಾವ ಲೆಕ್ಕದ್ದು ಎಂಬ ಗುರುತು ಹಾಕದೆ ಬರಿಯ ವರ್ಷ ಬರೆದರೆ, ಅದನ್ನು ಫಸಲಿ ಎಂದು ಓದಿದವನಿಗೂ ಹಿಜರಿ ಎಂದು ಓದಿದವನಿಗೂ ಎಂಟೊಂಬತ್ತು ವರ್ಷಗಳ ಅಂತರ ಬೀಳುತ್ತಿತ್ತು. ತಿಂಗಳ ಹೆಸರಿದ್ದರೆ ಗೊಂದಲವಿಲ್ಲ. ಆಜೂರ, ಬಹಮನ, ಖುರ್ದಾದ ಎಂದಿದ್ದರೆ ಫಸಲಿ; ಮೊಹರಂ, ರಜಬ ಎಂದಿದ್ದರೆ ಹಿಜರಿ. ನಾಲ್ಕನೆಯ ತರಗತಿಯ ಹುಡುಗನಿಗೂ ಅದು ಗೊತ್ತಿತ್ತು.

ಮಾಸ್ತರರು ಬೆರಳೆಣಿಸಿದರು. "ಫಸಲಿ ಇದ್ರ ಹತ್ತೊಂಬತ್ತು ನಡದದ. ಹಿಜರಿ ಇದ್ರ ಇಪ್ಪತ್ತೆಂಟು. ಯಾವುದದ ನೋಡ್ರಿ. ನನ್ನ ಚಾಳೀಸ ಮನ್ಯಾಗ ಉಳದದ."

ಕನ್ನಡಕ ಮನೆಯಲ್ಲಿ ಮರೆತು ಬರುವ ಮನುಷ್ಯರಲ್ಲ ಅವರು. ಇದನ್ನೂ ನಾನು ಬಹಳ ಕಾಲ ಹಿಡಿದುಕೊಂಡಿದ್ದೆ.

ಹತ್ತೊಂಬತ್ತು ಎಂದರೆ ನನ್ನ ವಾದ ಗೆದ್ದಿತು, ಅಕ್ಕ ಬೇಡಿದ್ದು ಆಯಿತು. ಆದರೆ ಅವನು ಎದುರಿಗೆ ನಿಂತು ನನ್ನನ್ನೇ ನೋಡುತ್ತಿದ್ದ. ಊರಿನ ಮುಂದೆ ಅವನನ್ನು ಹುಡುಗನನ್ನಾಗಿ ಮಾಡಿದರೆ ಅವನು ಭಂಕೂರದ ಮಾತು ತೆಗೆಯುತ್ತಾನೆ. ಅಪ್ಪನ ಕಚೇರಿಯವರು ಇಬ್ಬರು ಅಲ್ಲೇ ಕುಳಿತಿದ್ದರು. ಇದನ್ನೆಲ್ಲ ನಾನು ಆ ಕ್ಷಣದಲ್ಲಿ ಯೋಚಿಸಿದೆನೋ, ಆಮೇಲೆ ಯೋಚಿಸಿ ಆ ಕ್ಷಣಕ್ಕೆ ತುಂಬಿದೆನೋ ತಿಳಿಯದು. ನಾನು "ಬರೆದಿಲ್ಲ" ಎಂದೆ. ಅಥವಾ ಸುಮ್ಮನೆ ಚೀಟಿ ಮಡಿಚಿ ಹಿಂದಕ್ಕೆ ಕೊಟ್ಟೆ. ಯಾವುದೇ ಆಗಲಿ, ಅದು ಫಸಲಿಯದು ಎಂದು ನಾನು ಹೇಳಲಿಲ್ಲ.

ಅವನು ಕಾಯಲಿಲ್ಲ. "ಇಪ್ಪತ್ತೆಂಟು ಬರಕೋರಿ ಸಾಹೇಬ. ಬಿ.ಎ. ಓದಿದಂವರಿಗಿಂತ ನಾ ದೊಡ್ಡಾಂವ" ಎಂದ.

"ಇಪ್ಪತ್ತೆಂಟಾದ್ರೂ ಮದಿವಿ ಇಲ್ಲೇನೋ ನಿನಗ!" ಎಂದು ಒಬ್ಬ ಕೂಗಿದ.

"ಬಾ ನಮ್ಮಪ್ಪಾ, ನಿನ್ನಿತನಕ ಮಗನಾಗಿದ್ದಿ, ಇವತ್ತ ನನ್ನ ತಮ್ಮನಾಗಿ ಬಾ" ಎಂದಳು ಆಯಿ. ನಗೆ ಮತ್ತೊಮ್ಮೆ ಎದ್ದಿತು. ನಾನೂ ನಕ್ಕೆ ಅನ್ನಿಸುತ್ತದೆ.

ದರೋಗಾ ಉರ್ದುವಿನಲ್ಲಿ ಮಹಜರ ಬರೆದ. ಇಪ್ಪತ್ತೊಂದು ತುಂಬದವರಿಗೆ ಸೇಂದಿ ಕೊಡತಕ್ಕದ್ದಲ್ಲ. ವಯಸ್ಸು ರುಜುವಾತಾದವರ ಯಾದಿಯನ್ನು ಅಂಗಡಿಯಲ್ಲಿ ಇಡತಕ್ಕದ್ದು. ಯಾದಿಯ ಮೊದಲ ಹೆಸರು ಅವನದು, ವಯಸ್ಸು ಇಪ್ಪತ್ತೆಂಟು. ಅವನು ಸಹಿ ಹಾಕಿದ; ಸೇಂದಿಯ ಯಾದಿ ಶೆಡ್ಡಿನ ತನಕ ಹೋದೀತೆಂದು ಅವನಿಗೆ ಹೊಳೆದಿರಲಿಕ್ಕಿಲ್ಲ. ಚೀಟಿ ನೋಡಿದ ಸಾಕ್ಷಿಯೆಂದು ಮಾಸ್ತರರದೊಂದು ಸಹಿ, ನನ್ನದೊಂದು. ನನ್ನ ಸಹಿಯ ಕೆಳಗೆ ನಾನೇ ಬಿ.ಎ. ಎಂದು ಬರೆದೆ. ಫಲಿತಾಂಶ ಇನ್ನೂ ಬಂದಿರಲಿಲ್ಲ.

ಆ ಯಾದಿಗೆ ಎರಡನೆಯ ಹೆಸರು ಬರಲಿಲ್ಲ ಎಂದು ಆಮೇಲೆ ಕೇಳಿದೆ. ಬೇರೆ ಯಾರ ಹತ್ತಿರವೂ ಕಾಗದ ಇರಲಿಲ್ಲ. ಮಳೆಗಾಲದೊಳಗೆ ದರೋಗಾನಿಗೆ ವರ್ಗವಾಯಿತು, ಆಯಿ ತನ್ನ ಹಳೆಯ ಪದ್ಧತಿಯಂತೆ ಪೂರಾ ಕೂಲಿಯವನಿಗೆ ಪೂರಾ ಮಗಿ ಕೊಡುತ್ತ ಹೋದಳು. ಆ ಕಾನೂನು ಹಿಡಿದದ್ದು ಒಬ್ಬನನ್ನು ಮಾತ್ರ.

ಸಭೆಯಾದ ನಾಲ್ಕೈದು ದಿನಕ್ಕೆ ಅವನು ಮಧ್ಯಾಹ್ನದ ಗಾಡಿಗೆ ಸೇಡಂಗೆ ಬಂದ. ಅಪ್ಪ ಊಟ ಮಾಡಿ ಒಳಗೆ ಮಲಗಿದ್ದರು. ಅವನು ಚಪ್ಪಲಿ ಬಿಟ್ಟು ಕಟ್ಟೆಯ ಅಂಚಿನಲ್ಲೇ ಕುಳಿತ. ಒಳಗೆ ಬಾ ಎಂದರೂ ಬರಲಿಲ್ಲ.

"ಬೀಗರ, ಗುಮಾಸ್ತ ಚೀಟಿ ಇಟಗೊಂಡಾನ. ನಿಂಗ ಇಪ್ಪತ್ತೆಂಟದ, ಮ್ಯಾಲ ತಗೋಳಾಕ ಬರಂಗಿಲ್ಲ ಅನ್ನಾಕತ್ಯಾನ."

"ಚೀಟಿ ಓದಿ ನೋಡ್ಲಿ, ಅಂವಗ ಕಣ್ಣಿಲ್ಲೇನು?"

"ಅಂವಗ ಉರ್ದು ಬರಂಗಿಲ್ರಿ. ಮರಾಠಿ, ಇಂಗ್ಲಿಷ್ ಅಷ್ಟೇ. ಬ್ಯಾರೇದಂವರ ಕೈಲಿ ಓದಸ್ತೀನಂದ್ರ, ಮಹಜರದಾಗ ಸಹಿ ಮಾಡಿದಂವರೇ ಬಂದು ಹೇಳಬೇಕಂತಾನ. ಮಾಸ್ತರ್ರಿಗಿ ಕೇಳಿದೆ. ನಾ ಚಾಳೀಸ ಇಲ್ಲದ ಸಹಿ ಮಾಡೀನಪ್ಪಾ, ಓದಿದಂವರು ಅವರು, ಅವರಿಗೇ ಕೇಳು ಅಂದ್ರು. ನೀವ್ ಒಂದ್ಸಲ ಶೆಡ್ಡಿಗಿ ಬರ್ರಿ. ಇದು ಫಸಲಿದು ಅಂತ ಒಂದ್ಮಾತ ಹೇಳ್ರಿ, ಸಾಕು. ಕಲ್ಲಿದ್ದಲ ಹಾಕೂದು ನಾ ಕಲತೀನಿ ಆಗಲೇ. ಡ್ರೈವರ್ ಒಂದೆರಡ ಸಲ ಹಾಕಾಕ ಕೊಟ್ಟಾನ."

ಅವನು ಅಂದು ನಗಲಿಲ್ಲ. ಅಂಗೈಯಲ್ಲಿ ಹೊಸ ಬೊಬ್ಬೆಗಳಿದ್ದವು. ಅದನ್ನು ತೋರಿಸಲೆಂದೇ ಕೈ ಬಿಚ್ಚಿಟ್ಟಿದ್ದನೋ ಏನೋ.

ನಾನು ಯೋಚಿಸಿದ್ದು ಇಷ್ಟು. ಸರಕಾರಿ ಅಧಿಕಾರಿಯ ಮುಂದೆ ಸಾಕ್ಷಿ ಹಾಕಿ ವಾರದೊಳಗೆ ಅದನ್ನು ತಿರುವಿದರೆ ಅದು ಸುಳ್ಳು ಸಾಕ್ಷಿ. ಅಪ್ಪನ ನೌಕರಿ ತಹಸೀಲಿನಲ್ಲಿ. ಅಂದು ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ? ಹಿಂದೆಯೇ ಇನ್ನೊಂದು ಅನುಮಾನ: ಇವನು ಬಂದಿರುವುದು ಬೇಡಲಿಕ್ಕೋ, ಹೆದರಿಸಲಿಕ್ಕೋ? ಇಲ್ಲ ಎಂದರೆ ಒಳಗೆ ಮಲಗಿರುವ ಅಪ್ಪನಿಗೆ ಕೇಳುವಂತೆ ಭಂಕೂರದ ಕಥೆ ಶುರು ಮಾಡುತ್ತಾನೋ? ನಾನು ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿ ಹೇಳಿದೆ. ಈ ಮಾತು ನನಗೆ ಅಕ್ಷರಶಃ ನೆನಪಿದೆ.

"ನಾ ವರ್ಷದ ಅಂಕಿ ಅಷ್ಟೇ ನೋಡಿದೆ. ಉಳದದ್ದು ನೋಡಲಿಲ್ಲ. ನೋಡದಿದ್ದದ್ದಕ್ಕ ಹೆಂಗ ಸಾಕ್ಷಿ ಹೇಳಲಿ?"

ಅವನು ಬಿಚ್ಚಿಟ್ಟ ಕೈ ಮಡಿಚಿಕೊಂಡ. ಆಮೇಲೆ, "ಹೌದ್ರಿ. ಮಂದಿ ಗದ್ದಲ ಭಾಳ ಇತ್ತು" ಎಂದ.

ಆ ನೆಪವನ್ನು ಅವನೇ ನನ್ನ ಕೈಗೆ ಕೊಟ್ಟ. ನಾನು ತೆಗೆದುಕೊಂಡೆ. ಅವ್ವ ಒಳಗಿನಿಂದ ಮಜ್ಜಿಗೆ ತಂದುಕೊಟ್ಟಳು. ಕುಡಿದು, ತಂಬಿಗೆಯನ್ನು ಬೋರಲು ಹಾಕಿ, ಸ್ಟೇಷನ್ನಿಗೆ ನಡೆದ. ಭಂಕೂರದ ಮಾತು ಎತ್ತಲಿಲ್ಲ.

ಅವನಿಗೆ ಎಂಜಿನ್ನಿನ ಕೆಲಸ ಸಿಗಲಿಲ್ಲ. ವರ್ಷ ತುಂಬುವ ಮೊದಲೇ ಶೆಡ್ಡು ಬಿಟ್ಟು ಶಹಾಬಾದದ ಖಣಿಗೆ ಹೋದ. ಅಲ್ಲಿ ಯಾರೂ ಕಾಗದ ಕೇಳಲಿಲ್ಲ. ಒಂದು ಫರಸಿ ಎತ್ತಿ ನಿಲ್ಲಿಸಿದ, ಮುಕಾದಮ ಪೂರಾ ಕೂಲಿ ಬರೆದ. ಕಲ್ಲು ಸೀಳುತ್ತಲೇ ಅವನ ಆಯುಷ್ಯ ಕಳೆಯಿತು. ಆಮೇಲೆ ಸೇಂದಿ ಮುಟ್ಟಲಿಲ್ಲ ಎಂದು ಅಕ್ಕ ಹೇಳುತ್ತಾಳೆ. ನಾನು ನಂಬುವುದಿಲ್ಲ. ಸತ್ತವರ ಬಗ್ಗೆ ಮನೆಯವರು ಹಾಗೆ ಹೇಳುತ್ತಾರೆ.

ನಡುವಿನ ವರ್ಷಗಳಲ್ಲಿ ನಾನು ಸುಮ್ಮನೆ ಕುಳಿತಿರಲಿಲ್ಲ. ತಪ್ಪು ಯಾರದೆಂದು ಹುಡುಕುತ್ತಿದ್ದೆ. ಮೊದಲು ಹಿಡಿದದ್ದು ಗುಮಾಸ್ತನನ್ನು. ಆ ಜಾಗಕ್ಕೆ ಅವನು ತನ್ನ ಹೆಂಡತಿಯ ತಮ್ಮನನ್ನು ಸೇರಿಸಿದ ಎಂದು ನಾಲ್ಕು ಜನರಿಗೆ ಹೇಳಿದ್ದೂ ಉಂಟು. ಎಲ್ಲಿ ಕೇಳಿದ್ದೆ? ಗೊತ್ತಿಲ್ಲ. ಬಹಳ ವರ್ಷಗಳ ಮೇಲೆ ವಾಡಿಯಲ್ಲಿ ನಿವೃತ್ತನಾದ ಒಬ್ಬ ಡ್ರೈವರ್ ಸಿಕ್ಕ. ಆ ಜಾಗಕ್ಕೆ ಬಂದವನು ರಾಯಚೂರ ಕಡೆಯವನು, ಗುಮಾಸ್ತನಿಗೆ ಯಾವ ಸಂಬಂಧವೂ ಅಲ್ಲ ಎಂದ. ಆಮೇಲೆ ಮಾಸ್ತರರ ಕನ್ನಡಕ. ಅದನ್ನು ಬೇಕೆಂದೇ ಬಿಟ್ಟು ಬಂದರು, ಎರಡು ಲೆಕ್ಕದ ಗೊಂದಲ ಎಬ್ಬಿಸಿದ್ದೇ ಅವರು, ಅಂಗಡಿಯವರ ಕಡೆಯವರಿರಬೇಕು ಎಂದು ವಾದ ಕಟ್ಟಿದ್ದೆ. ಕೇಳಲು ಅವರು ಉಳಿದಿಲ್ಲ. ದರೋಗಾನ ಮೇಲೂ ಒಂದು ವಾದವಿತ್ತು. ಅದು ಅಷ್ಟು ಚೆನ್ನಾಗಿ ಬೆಳೆಯಲಿಲ್ಲ.

ಎಲ್ಲ ವಾದಗಳ ಬುಡದಲ್ಲಿ ಇದ್ದದ್ದು ಒಂದೇ ಕಲ್ಲು: ಚೀಟಿಯಲ್ಲಿ ವರ್ಷ ಬಿಟ್ಟರೆ ಬೇರೆ ಗುರುತಿರಲಿಲ್ಲ. ಇದ್ದಿದ್ದರೆ ನಾನು ಓದುತ್ತಿದ್ದೆ. ಇದನ್ನು ಪರೀಕ್ಷಿಸಬಹುದೆಂದು ಹೊಳೆಯಲು ನನ್ನಂಥ ಸಂಶಯದವನಿಗೆ ಮುದಿತನ ಬರಬೇಕಾಯಿತು. ಚಿಂಚೋಳಿಗೆ ಹೋದೆ. ಹಳೆಯ ದವಾಖಾನೆಯ ಉರ್ದು ದಫ್ತರಗಳನ್ನು ಗೆದ್ದಲು ತಿಂದು, ಉಳಿದದ್ದನ್ನು ಯಾವಾಗಲೋ ಸುಟ್ಟಿದ್ದರು. ಅಲ್ಲಿಂದ ಚಿತ್ತಾಪುರಕ್ಕೆ, ಅಕ್ಕನ ಮನೆಗೆ ಬಂದೆ. ಮೈದುನ ತೀರಿ ಆಗ ಮೂರು ವರ್ಷವಾಗಿತ್ತು.

ಬಂದ ಕಾರಣ ಹೇಳುವ ಮುಂಚೆ ನಾನು ಇನ್ನೊಂದನ್ನು ಕೇಳಿದೆ. "ಭಂಕೂರದಾಗ ನಾ ಸೇಂದಿ ಕುಡದದ್ದು ಅಂವ ನಿನಗ ಯಾವಾಗ ಹೇಳ್ದಾ?"

ಅಕ್ಕ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ನಿಲ್ಲಿಸಿದಳು. "ನೀ ಸೇಂದಿ ಕುಡದಿದ್ದ್ಯಾ?"

ನಾನು ಅವಳ ತಟ್ಟೆಯಿಂದ ಒಂದು ಅಡಿಕೆ ತೆಗೆದುಕೊಂಡೆ. ಅವಳು ಮತ್ತೆ ಕೇಳಲಿಲ್ಲ. ಚೀಟಿಯ ವಿಷಯ ತೆಗೆದಾಗ, "ಅದೇನು ದೊಡ್ಡ ಮಾತು, ನನ್ನ ಟ್ರಂಕಿನಾಗ ಅದ. ಶೆಡ್ಡಿನಂವರು ಅರ್ಜಿ ಹೊಳ್ಳಿ ಕೊಟ್ಟಾಗ ಅದನೂ ಕೊಟ್ಟಿದ್ರು. ಅಂವ, ‘ಇಡ್ರಿ ವೈನಿ, ನಮ್ಮ ಬೀಗರು ಒಂದಿನ ಕೇಳ್ತಾರ’ ಅಂದಿದ್ದ" ಎಂದಳು.

ಸೀರೆಗಳ ಕೆಳಗಿನಿಂದ ತೆಗೆದುಕೊಟ್ಟ ಆ ಚೀಟಿಯನ್ನು ಬಾಗಿಲ ಬೆಳಕಿಗೆ ಹಿಡಿದು ಓದಿದೆ. ಶಾಯಿ ಕಂದಿದೆ, ಆದರೆ ಒಂದಕ್ಷರವೂ ಅಳಿಸಿಲ್ಲ. ವರ್ಷದ ಸಾಲಿನಲ್ಲಿಯೇ, ಅದೇ ಕೈಬರಹದಲ್ಲಿ, ಅಂಕಿಯ ಬಲಕ್ಕೆ, ಫಸಲಿ ತಿಂಗಳ ಹೆಸರಿದೆ: ಬಹಮನ. ಉರ್ದುವನ್ನು ಬಲದಿಂದ ಎಡಕ್ಕೆ ಓದುತ್ತಾರೆ. ಆ ಶಬ್ದವನ್ನು ದಾಟದೆ ಕಣ್ಣು ಅಂಕಿಗೆ ಬರಲಾರದು.